ಸಸಿಗಳಿಗೊಂದು ಮನೆ

ಬೆಂಗಳೂರಿನ ಲಾಲ್‌ಬಾಗನ್ನು ಒಮ್ಮೆ ನೋಡಿದವರು ಅಲ್ಲಿಯ ಗಾಜಿನ ಮನೆಯನ್ನು ಮರೆಯಲಾರರು. 1889ರಲ್ಲಿ ಶಂಕುಸ್ಥಾಪನೆಯಾದ ಆ ಭವ್ಯವಾದ ಕಟ್ಟಡಕ್ಕೆ ಲಂಡನ್ ನಗರದ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆಯೇ ಸ್ಫೂರ್ತಿ. 1851ರ ಮಹಾಪ್ರದರ್ಶನಕ್ಕಾಗಿ ಆ ಅರಮನೆಯನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ವೃತ್ತಿಯಿಂದ ತೋಟಗಾರ. ಸಸ್ಯಗಳಿಗಾಗಿ ಗಾಜಿನ ಮನೆಗಳನ್ನು ಕಟ್ಟಿ ಪಡೆದ ಅನುಭವವೇ ಆ ಮಹಾಸಾಹಸದಲ್ಲಿ ಅವನಿಗೆ ನೆರವಾಯಿತು. ಕಬ್ಬಿಣ ಮತ್ತು ಗಾಜುಗಳಿಂದ ಅಂತಹ ಮನೆಯನ್ನು ಕಟ್ಟಿಸುವುದು ಅರಸರಿಗೂ ಸಿರಿವಂತರಿಗೂ ಮಾತ್ರ ಸಾಧ್ಯವಿತ್ತು. ಆದರೆ ಸಸಿಗಳಿಗೆ ಬೇಕಾದುದು ವೈಭವವಲ್ಲ, ಆಶ್ರಯ. ಅಂತಹ ಆಶ್ರಯವನ್ನು ಒಬ್ಬ ಸಾಮಾನ್ಯ ರೈತನೂ ಹಳ್ಳಿಯ ಶಾಲೆಯೊಂದರ ವಿದ್ಯಾರ್ಥಿಗಳೂ ಕೆಲವೇ ದಿನಗಳ ದುಡಿಮೆಯಿಂದ ಕಟ್ಟಿಕೊಳ್ಳಬಹುದು. ಅದು ಹೇಗೆಂಬುದನ್ನು ಈಗ ನೋಡೋಣ.

ಸಸ್ಯಗಳಿಗೆ ಮನೆ ಕಟ್ಟುವ ವಿಚಾರ ಹೊಸದೇನೂ ಅಲ್ಲ. ರೋಮಿನ ಚಕ್ರವರ್ತಿ ಟೈಬೀರಿಯಸನಿಗೆ ಸೌತೆಯಂತಹ ಒಂದು ಕಾಯಿ ಬಹಳ ಪ್ರಿಯವಾಗಿತ್ತಂತೆ. ಚಕ್ರಗಳಿರುವ ಪಾತಿಗಳಲ್ಲಿ ಅದನ್ನು ಬೆಳೆಸಿ, ಚಳಿಗಾಲದಲ್ಲಿ ಪಾರದರ್ಶಕವಾದ ಕಲ್ಲಿನ ಹಲ್ಲೆಗಳ ಮರೆಯಲ್ಲಿ ಕಾಪಾಡುತ್ತಿದ್ದರೆಂದು ಪ್ಲಿನಿ ಎಂಬ ಗ್ರಂಥಕಾರ ಬರೆದಿದ್ದಾನೆ. ಕಾಲಾನಂತರ ಕಲ್ಲಿನ ಸ್ಥಾನವನ್ನು ಗಾಜು ಪಡೆಯಿತು. 1933ರಲ್ಲಿ ಇಂಗ್ಲೆಂಡಿನ ರಸಾಯನವಿಜ್ಞಾನಿಗಳು ಪಾಲಿಥೀನನ್ನು ಕಂಡುಹಿಡಿದರು. 1948ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಎಮರ್ಟ್, ಗಾಜಿಗೆ ತೆರಬೇಕಾದ ಬೆಲೆಯನ್ನು ಉಳಿಸುವ ಸಲುವಾಗಿ, ಮರದ ಚೌಕಟ್ಟಿನ ಮೇಲೆ ಪಾರದರ್ಶಕವಾದ ತೆಳುಹಾಳೆಯನ್ನು ಹೊದಿಸಿ ಸಸಿಗಳನ್ನು ಬೆಳೆಸಿದನು. ಅಂದಿನಿಂದ ಹಸಿರುಮನೆಯು ಅರಮನೆಯ ಉದ್ಯಾನದಿಂದ ರೈತನ ಹಿತ್ತಲಿಗೆ ಇಳಿದುಬಂದಿತು.

ಹಸಿರುಮನೆಯಲ್ಲಿ ಒಲೆಯಿಲ್ಲ, ಬೆಂಕಿಯಿಲ್ಲ. ಆದರೂ ಅದರ ಒಳಗೆ ಬಿಸಿಯೇರುತ್ತದೆ. ಇದಕ್ಕೆ ಕಾರಣವೇನು? ಸೂರ್ಯನ ಬೆಳಕು ಹೊದಿಕೆಯನ್ನು ಹಾದು ಒಳಗಿನ ಮಣ್ಣನ್ನೂ ಗಿಡಗಳನ್ನೂ ಕಾಯಿಸುತ್ತದೆ. ಅವುಗಳ ಸೋಂಕಿನಿಂದ ಗಾಳಿಯೂ ಬಿಸಿಯಾಗುತ್ತದೆ. ಬಯಲಿನಲ್ಲಾದರೆ ಬಿಸಿಯಾದ ಗಾಳಿ ಹಗುರಾಗಿ ಮೇಲೇರುತ್ತದೆ. ಅದರ ಸ್ಥಾನಕ್ಕೆ ತಣ್ಣನೆಯ ಗಾಳಿ ಬರುತ್ತದೆ. ಇದನ್ನೇ ಸಂವಹನವೆಂದು ಕರೆಯುತ್ತೇವೆ. ಹಸಿರುಮನೆಯೊಳಗೆ ಬಿಸಿಗಾಳಿಯು ಸೆರೆಯಾಗಿ ನಿಲ್ಲುತ್ತದೆ. ಬಹುಕಾಲದವರೆಗೆ ಜನರು, ಗಾಜು ಉಷ್ಣಕಿರಣಗಳನ್ನು ಹೊರಗೆ ಬಿಡದಿರುವುದೇ ಈ ಬಿಸಿಗೆ ಮುಖ್ಯ ಕಾರಣವೆಂದು ಭಾವಿಸಿದ್ದರು. 1909ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜನ್ನೂ ಇನ್ನೊಂದಕ್ಕೆ ಉಷ್ಣಕಿರಣಗಳನ್ನು ಸರಾಗವಾಗಿ ಹಾಯಗೊಡುವ ಕಲ್ಲುಪ್ಪಿನ ಹಲ್ಲೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟನು. ಎರಡರ ಒಳಗೂ ಬಿಸಿ ಹೆಚ್ಚುಕಡಿಮೆ ಸಮನಾಗಿಯೇ ಏರಿತು. ಗಾಳಿಯನ್ನು ಸೆರೆಹಿಡಿಯುವುದೇ ಹಸಿರುಮನೆಯ ಮುಖ್ಯ ಗುಣವೆಂಬುದು ಇದರಿಂದ ತಿಳಿದುಬಂದಿತು. ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಇದೇ ನಮಗೆ ದಾರಿ ತೋರುವುದು.

ಬಿಸಿಲಿಗೆ ಬಡತನವಿಲ್ಲದ ನಮ್ಮ ನಾಡಿನಲ್ಲಿ ಇಂತಹ ಮನೆ ಏಕೆ ಬೇಕು ಎಂದು ಕೆಲವರು ಕೇಳಬಹುದು. ಚಳಿಗಾಲದಲ್ಲಿ ನೀರೆಲ್ಲ ಹೆಪ್ಪುಗಟ್ಟುವ ಲಡಾಖಿನಲ್ಲಿ ಜನರು ನೆಲವನ್ನು ತೋಡಿ, ಮೇಲೆ ಪಾಲಿಥೀನ್ ಹೊದಿಸಿ, ಸೊಪ್ಪುತರಕಾರಿಗಳನ್ನು ಬೆಳೆಯುತ್ತಾರೆ. ಅಲ್ಲಿ ಬಿಸಿಯನ್ನು ಹಿಡಿದಿಡುವುದೇ ಗುರಿ. ನಮ್ಮಲ್ಲಿಯ ಅಗತ್ಯ ಬೇರೆ. 'ಬೆಳೆಯುವ ಸಿರಿ ಮೊಳಕೆಯಲ್ಲಿ' ಎಂಬ ಗಾದೆಯಂತೆ ರೈತನ ಇಡೀ ವರ್ಷದ ಭಾಗ್ಯ ಎಳೆಯ ಸಸಿಗಳಲ್ಲಿ ಅಡಗಿರುತ್ತದೆ. ಒಂದು ಜಡಿಮಳೆ ಬಂದರೆ ಮಡಿಯಲ್ಲಿರುವ ಸಸಿಗಳು ಮಣ್ಣುಪಾಲಾಗುತ್ತವೆ. ಮಡಿಯಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಬಿಳಿನೊಣವೆಂಬ ಸಣ್ಣ ಕೀಟವು ಟೊಮ್ಯಾಟೊ ಸಸಿಯ ರಸವನ್ನು ಹೀರುವಾಗ ಎಲೆಮುಟುರು ರೋಗದ ವೈರಸ್ಸನ್ನು ಅದರೊಳಗೆ ಬಿಡುತ್ತದೆ. ಚಿಕ್ಕಂದಿನಲ್ಲಿಯೇ ಈ ರೋಗ ತಗುಲಿದ ಗಿಡ ಫಲ ಕೊಡುವುದು ಅಪರೂಪ. ಆದುದರಿಂದ ಮಳೆ, ಗಾಳಿ ಮತ್ತು ಕೀಟ ಈ ಮೂರರಿಂದ ಸಸಿಗಳನ್ನು ಕಾಯುವುದೇ ನಮ್ಮ ಹಸಿರುಮನೆಯ ಕಾರ್ಯ.

ಇನ್ನು ಕಟ್ಟುವ ಕ್ರಮವನ್ನು ತಿಳಿಯೋಣ. ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ, ನೀರಿನ ಆಸರೆಗೆ ಹತ್ತಿರವಾದ ಸ್ಥಳವನ್ನು ಆರಿಸಿಕೊಳ್ಳಬೇಕು. ಗಾಳಿಯ ಹೊಡೆತವನ್ನು ತಡೆಯಲು ಪಡುವಣ ದಿಕ್ಕಿಗೆ ಬೇಲಿಯೋ ಗಿಡಗಳ ಸಾಲೋ ಇದ್ದರೆ ಒಳ್ಳೆಯದು. ಆದರೆ ಅವುಗಳ ನೆರಳು ಮನೆಯ ಮೇಲೆ ಬೀಳಬಾರದು. ಅಲ್ಲಿ 20 ಅಡಿ ಉದ್ದ, 12 ಅಡಿ ಅಗಲದ ಆಯತವನ್ನು ಗುರುತಿಸಬೇಕು. ಮೂಲೆಗಳು ಲಂಬಕೋನವಾಗಿವೆಯೇ ಎಂದು ತಿಳಿಯಲು ಎರಡು ಕರ್ಣಗಳನ್ನೂ ಹಗ್ಗದಿಂದ ಅಳೆಯಬೇಕು. ಎರಡೂ ಸುಮಾರು 23 ಅಡಿ 4 ಅಂಗುಲ ಇದ್ದರೆ ಆಯತವು ಸರಿಯಾಗಿದೆ ಎಂದರ್ಥ. ಗಣಿತದ ತರಗತಿಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯ ಇಲ್ಲಿ ಉಪಯೋಗಕ್ಕೆ ಬರುವುದನ್ನು ಗಮನಿಸಿರಿ.

ನೀರಾವರಿಗೆ ಬಳಸುವ, ಸುಮಾರು ಒಂದು ಅಂಗುಲ ವ್ಯಾಸದ, 20 ಅಡಿ ಉದ್ದದ ಪಿ.ವಿ.ಸಿ. ಕೊಳವೆಗಳು ಹನ್ನೊಂದು ಬೇಕು. ಇವುಗಳಲ್ಲಿ ಆರು ಕಮಾನುಗಳಿಗೆ, ಮೂರು ಉದ್ದನೆಯ ಅಡ್ಡಪಟ್ಟಿಗಳಿಗೆ, ಉಳಿದೆರಡು ಪಕ್ಕದ ಪರದೆಗಳನ್ನು ಸುತ್ತುವುದಕ್ಕೆ. ಇದಲ್ಲದೆ ಮೂರೂವರೆ ಅಡಿ ಉದ್ದದ ಹನ್ನೆರಡು ಕಬ್ಬಿಣದ ಸರಳುಗಳು ಬೇಕು. ಆಯತದ ಎರಡು ಉದ್ದನೆಯ ಬದಿಗಳಲ್ಲಿ ನಾಲ್ಕು ಅಡಿಗೊಂದರಂತೆ ಬದಿಗೆ ಆರು ಸರಳುಗಳನ್ನು ಎರಡು ಅಡಿ ಆಳಕ್ಕೆ ಹೂಳಬೇಕು. ನೆಲದ ಮೇಲೆ ಉಳಿದ ಒಂದೂವರೆ ಅಡಿ ಸರಳಿಗೆ ಕೊಳವೆಯ ಒಂದು ತುದಿಯನ್ನು ನೆಲ ಮುಟ್ಟುವವರೆಗೆ ತೊಡಿಸಿ, ನಿಧಾನವಾಗಿ ಬಾಗಿಸಿ, ಇನ್ನೊಂದು ತುದಿಯನ್ನು ಎದುರಿನ ಸರಳಿಗೆ ತೊಡಿಸಬೇಕು. ಆಗ ಕೊಳವೆಯು ತಾನಾಗಿಯೇ ಕಾಮನಬಿಲ್ಲಿನಂತೆ ಕಮಾನಾಗಿ ನಿಲ್ಲುತ್ತದೆ. ಅದರ ನಡುನೆತ್ತಿಯ ಎತ್ತರ ಸುಮಾರು ಆರೂವರೆ ಅಡಿ. ಒಬ್ಬ ಮನುಷ್ಯ ತಲೆಬಾಗದೆ ನಡೆದಾಡಲು ಅದು ಸಾಕು. ಆರು ಕಮಾನುಗಳೂ ನಿಂತ ಬಳಿಕ ನೆತ್ತಿಯ ಉದ್ದಕ್ಕೂ ಒಂದು ಕೊಳವೆಯನ್ನು, ಎರಡು ಪಕ್ಕಗಳಲ್ಲಿ ಮೂರೂವರೆ ಅಡಿ ಎತ್ತರದಲ್ಲಿ ಒಂದೊಂದು ಕೊಳವೆಯನ್ನು ಬಿಗಿಯಾಗಿ ಕಟ್ಟಬೇಕು. ಎರಡು ತುದಿಗಳ ಕಮಾನುಗಳಿಗೆ ಬಿದಿರಿನ ಊರೆಗೋಲುಗಳನ್ನು ಕೊಟ್ಟರೆ ಚೌಕಟ್ಟು ಭದ್ರವಾಗುತ್ತದೆ.

ಚೌಕಟ್ಟಿಗೆ ಹೊದಿಕೆ ಹಾಕುವುದು ಎಲ್ಲಕ್ಕಿಂತ ಮುಖ್ಯವಾದ ಘಟ್ಟ. ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳದೆ ಮುಂದುವರಿಯಲಾರೆ. ಬಯಲುಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿಗಳೊಡನೆ ಇಂತಹ ಮನೆಯೊಂದನ್ನು ಕಟ್ಟಿದೆ. ಚಳಿದೇಶದವರಿಗಾಗಿ ಬರೆದ ಪುಸ್ತಕವೊಂದನ್ನು ಮುಂದಿಟ್ಟುಕೊಂಡು, ಅದರಲ್ಲಿ ಹೇಳಿದಂತೆಯೇ ಹಾಳೆಯ ಅಂಚನ್ನು ಸುತ್ತಲೂ ಮಣ್ಣಿನಲ್ಲಿ ಹೂತೆವು. ಗಾಳಿಯಾಡಲು ಬಾಗಿಲೊಂದೇ ದಾರಿ. ವಿದ್ಯಾರ್ಥಿಗಳು ಮನೆಮನೆಯಿಂದ ಬೀಜ ತಂದು ಬಿತ್ತಿದರು. ಸಸಿಗಳು ನಾಲ್ಕೆಲೆಯಾಗಿ ನಗುತ್ತಿದ್ದವು. ಒಂದು ಶನಿವಾರ, ಮೇಕೆಗಳು ನುಗ್ಗಿಯಾವೆಂಬ ಭಯದಿಂದ ನಾನು ಬಾಗಿಲನ್ನು ಭದ್ರವಾಗಿ ಕಟ್ಟಿ ಊರಿಗೆ ಹೋದೆ. ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು. ಮೇಕೆ ಬಂದಿದ್ದರೆ ನಾಲ್ಕು ಸಸಿಗಳನ್ನಾದರೂ ಉಳಿಸುತ್ತಿತ್ತೇನೋ! ಮಕ್ಕಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

ಅಂದು ಮಧ್ಯಾಹ್ನ ನಾವು ಒಳಗೊಂದು, ಹೊರಗೆ ನೆರಳಿನಲ್ಲೊಂದು ಉಷ್ಣತಾಮಾಪಕವನ್ನು ತೂಗುಹಾಕಿ ಬಾಗಿಲನ್ನು ಮುಚ್ಚಿದೆವು. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಗಿನ ಪಾದರಸ ಒಂದು ಗಂಟೆಯೊಳಗೆ 47ಕ್ಕೆ ಏರಿತು. ಆಮೇಲೆ ಮಣ್ಣನ್ನು ತೋಡಿ ಎರಡು ಪಕ್ಕಗಳ ಹಾಳೆಯನ್ನೂ ಮೊಳಕಾಲಿಗಿಂತ ಮೇಲಕ್ಕೆ ಸುತ್ತಿದೆವು. ಸ್ವಲ್ಪ ಹೊತ್ತಿನಲ್ಲಿಯೇ ಒಳಗಿನ ಬಿಸಿ 33ಕ್ಕೆ ಇಳಿಯಿತು. ವುಡ್ ತನ್ನ ಪೆಟ್ಟಿಗೆಗಳಲ್ಲಿ ಕಂಡ ಸತ್ಯವನ್ನು ನಾವು ನಮ್ಮ ಸಸಿಗಳನ್ನು ಕಳೆದುಕೊಂಡು ಕಲಿತೆವು. ಹಸಿರುಮನೆಯನ್ನು ಮುಚ್ಚುವುದನ್ನು ಎಲ್ಲರೂ ಬಲ್ಲರು. ತೆರೆಯುವುದನ್ನು ಬಲ್ಲವನೇ ಅದರ ನಿಜವಾದ ಒಡೆಯ.

ಆದುದರಿಂದ ನಮ್ಮ ಹವೆಗೆ ಒಪ್ಪುವ ಹೊದಿಕೆಯ ಕ್ರಮ ಹೀಗಿರಬೇಕು. ಮೊದಲು ಎರಡು ಪಕ್ಕಗಳಿಗೂ ನೆಲದಿಂದ ನಾಲ್ಕು ಅಡಿಯವರೆಗೆ ಕೀಟಗಳು ತೂರದಂತಹ ಸಣ್ಣ ಕಣ್ಣಿನ ನೈಲಾನ್ ಬಲೆಯನ್ನು ಕಟ್ಟಬೇಕು. ಒಂದು ಅಂಗುಲಕ್ಕೆ 40 ಕಣ್ಣುಗಳಿರುವ ಬಲೆಯು ಬಿಳಿನೊಣವನ್ನು ಬಹುಮಟ್ಟಿಗೆ ತಡೆಯುತ್ತದೆ. ಎರಡು ತುದಿಗಳಿಗೂ ಬಲೆಯನ್ನೇ ಹಾಕಿ, ಒಂದು ತುದಿಯಲ್ಲಿ ಬಾಗಿಲನ್ನು ಇಡಬೇಕು. ಇರಚಲನ್ನು ತಡೆಯಲು ಮಳೆಗಾಲದಲ್ಲಿ ತುದಿಗಳಿಗೆ ಹಾಳೆಯ ಪರದೆಯನ್ನು ಇಳಿಬಿಡಬಹುದು. ಅನಂತರ ಕಮಾನುಗಳ ಮೇಲೆ 22 ಅಡಿ ಉದ್ದ, 22 ಅಡಿ ಅಗಲದ ಪಾಲಿಥೀನ್ ಹಾಳೆಯನ್ನು ಗಾಳಿಯಿಲ್ಲದ ಮುಂಜಾನೆಯಲ್ಲಿ ಹೊದಿಸಬೇಕು. ಅದೇ ಕೊಳವೆಯ ನಾಲ್ಕು ಅಂಗುಲದ ತುಂಡುಗಳನ್ನು ಉದ್ದಕ್ಕೆ ಸೀಳಿದರೆ ಒಳ್ಳೆಯ ಹಿಡಿಕೆಗಳಾಗುತ್ತವೆ. ಅವುಗಳಿಂದ ಹಾಳೆಯನ್ನು ತುದಿಯ ಕಮಾನುಗಳಿಗೂ ಪಕ್ಕದ ಅಡ್ಡಪಟ್ಟಿಗಳಿಗೂ ಕಚ್ಚಿಸಬೇಕು. ಅಡ್ಡಪಟ್ಟಿಯಿಂದ ಕೆಳಗಿನ ಭಾಗ ಪರದೆಯಾಗಿ ಉಳಿಯುತ್ತದೆ. ಅದರ ಅಂಚಿಗೆ ಮಿಕ್ಕ ಕೊಳವೆಯನ್ನು ಕಟ್ಟಿದರೆ ಚಾಪೆಯಂತೆ ಮೇಲಕ್ಕೆ ಸುತ್ತಬಹುದು, ಬೇಕಾದಾಗ ಇಳಿಸಬಹುದು.

ಗಾಳಿಗೆ ಎಷ್ಟು ದಾರಿ ಬೇಕು? ನೆಲದ ವಿಸ್ತಾರದ ಐದನೆಯ ಒಂದು ಭಾಗವಾದರೂ ತೆರವಿರಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಮನೆಯ ನೆಲ 240 ಚದರ ಅಡಿ. ಅದರ ಐದನೆಯ ಒಂದು ಭಾಗ 48 ಚದರ ಅಡಿ. ಪಕ್ಕದ ಪರದೆಗಳನ್ನು ಮೂರು ಅಡಿ ಎತ್ತಿದರೆ ಒಟ್ಟು 120 ಚದರ ಅಡಿ ತೆರವಾಗುತ್ತದೆ. ಬಲೆಯು ಗಾಳಿಯ ಓಟವನ್ನು ಕುಂದಿಸುವುದರಿಂದ ಈ ಹೆಚ್ಚಳ ಅವಶ್ಯವೇ ಆಗಿದೆ.

ಹಾಳೆಯನ್ನು ಕೊಳ್ಳುವಾಗ ಎಚ್ಚರಿಕೆಯಿರಬೇಕು. ಸಾಧಾರಣ ಪಾಲಿಥೀನ್ ಹಾಳೆಯು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದ ಬೇಗ ಹರಿದು ಚಿಂದಿಯಾಗುತ್ತದೆ. ಆ ಕಿರಣಗಳನ್ನು ತಾಳುವಂತೆ ತಯಾರಿಸಿದ, 200 ಮೈಕ್ರಾನ್ ದಪ್ಪದ ಹಾಳೆಯು ಸುಮಾರು ಮೂರು ವರ್ಷ ಬಾಳುತ್ತದೆ. ಪಿ.ವಿ.ಸಿ. ಕೊಳವೆ ನೇರವಾಗಿ ತಗುಲುವ ಕಡೆಗಳಲ್ಲಿ ಹಾಳೆ ಬೇಗ ಸವೆಯುವುದುಂಟು. ಕೊಳವೆಗಳಿಗೆ ಬಿಳಿ ಬಣ್ಣ ಬಳಿದರೆ ಅಥವಾ ಬಟ್ಟೆಯ ಪಟ್ಟಿ ಸುತ್ತಿದರೆ ಹಾಳೆಯೂ ಉಳಿಯುತ್ತದೆ, ಕೊಳವೆಯೂ ಬಿಸಿಲಿಗೆ ಪೆಡಸಾಗದೆ ಬಾಳುತ್ತದೆ. ಬಿರುಗಾಳಿಯ ಸೂಚನೆ ಕಂಡಾಗ ಪರದೆಗಳನ್ನು ಇಳಿಸಿ, ಅಂಚಿನ ಮೇಲೆ ಮರಳಿನ ಚೀಲಗಳನ್ನು ಇಡಬೇಕು. ತೆರೆದ ಪಕ್ಕದಿಂದ ನುಗ್ಗಿದ ಗಾಳಿ ಇಡೀ ಮನೆಯನ್ನು ಕೊಡೆಯಂತೆ ಎತ್ತಿಬಿಡಬಲ್ಲದು. ಕಮಾನುಗಳ ನಡುವೆ ಹಾಳೆಯ ಮೇಲೆ ಹಗ್ಗಗಳನ್ನು ಹಾಯಿಸಿ ಗೂಟಗಳಿಗೆ ಬಿಗಿದರೆ ಇನ್ನೂ ಕ್ಷೇಮ.

ಇಷ್ಟು ಚಿಕ್ಕ ಮನೆಯಿಂದ ಪ್ರಯೋಜನವೆಷ್ಟು? ಟೊಮ್ಯಾಟೊ ಸಸಿಗಳನ್ನು ಮೂರು ಅಡಿಗೆ ಎರಡು ಅಡಿ ಅಂತರದಲ್ಲಿ ನೆಟ್ಟರೆ ಒಂದು ಎಕರೆಗೆ ಸುಮಾರು 7,260 ಸಸಿಗಳು ಬೇಕಾಗುತ್ತವೆ. 98 ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆಗಳಲ್ಲಿ ತೆಂಗಿನ ನಾರಿನ ಪುಡಿಯನ್ನು ತುಂಬಿ, ಗುಳಿಗೊಂದು ಬೀಜದಂತೆ ಬಿತ್ತಿದರೆ 75 ತಟ್ಟೆಗಳು ಸಾಕು. ತಟ್ಟೆಯೊಂದಕ್ಕೆ ಬೇಕಾದ ಸ್ಥಳ ಸುಮಾರು ಒಂದೂವರೆ ಚದರ ಅಡಿ. ನಡುವೆ ಮೂರು ಅಡಿ ಅಗಲದ ದಾರಿಯನ್ನು ಬಿಟ್ಟರೂ ಅಷ್ಟು ತಟ್ಟೆಗಳನ್ನು ಇಟ್ಟು, ಮೊಳೆಯದ ಬೀಜಗಳ ಕೊರತೆಯನ್ನು ತುಂಬಲು ಇನ್ನೂ ಹಲವು ತಟ್ಟೆಗಳನ್ನು ಜೋಡಿಸುವಷ್ಟು ಸ್ಥಳ ಉಳಿಯುತ್ತದೆ. ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಸಸಿಗಳು ನಾಟಿಗೆ ಸಿದ್ಧವಾಗುತ್ತವೆ. ನಾಟಿಗೆ ಒಂದು ವಾರದ ಮುಂಚೆ ನೀರನ್ನು ಕ್ರಮೇಣ ತಗ್ಗಿಸಿ, ಸಸಿಗಳನ್ನು ಹೊರಗಿನ ಬಿಸಿಲಿಗೂ ಗಾಳಿಗೂ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಬೇಕು. ಏಕೆಂದರೆ ಅವು ಬಾಳಬೇಕಾದುದು ಹೊಲದಲ್ಲಿ, ಮನೆಯಲ್ಲಲ್ಲ.

ಹಾಳೆ ಹರಿದಾಗ ಅದನ್ನು ಹೊಲದಲ್ಲಿ ಬಿಸಾಡಬಾರದು, ಸುಡಲೂ ಬಾರದು. ಅದು ಮಣ್ಣಿನಲ್ಲಿ ಕರಗುವ ವಸ್ತುವಲ್ಲ. ಅದರ ಹೊಗೆ ಆರೋಗ್ಯಕ್ಕೆ ಹಾನಿಕರ. ಮಡಿಸಿಟ್ಟು ಹಳೆಯ ಪ್ಲಾಸ್ಟಿಕನ್ನು ಕೊಳ್ಳುವವರಿಗೆ ಕೊಡುವುದು ಸರಿಯಾದ ಮಾರ್ಗ. ಸಸಿಗಳನ್ನು ಕಾಯಲು ಹೊರಟವರು ಮಣ್ಣನ್ನು ಕೆಡಿಸುವುದು ಸಲ್ಲದು.

ನಮ್ಮ ಶಾಲೆಯಲ್ಲಿ ಎರಡನೆಯ ಬಾರಿ ಬಿತ್ತಿದ ಸಸಿಗಳು ಚೆನ್ನಾಗಿ ಬಂದವು. ಈ ಸಲ ವಿದ್ಯಾರ್ಥಿಗಳು ಸರದಿಯನ್ನು ಗೊತ್ತುಮಾಡಿಕೊಂಡು, ರಜಾದಿನಗಳಲ್ಲಿಯೂ ಒಬ್ಬರಾದ ಮೇಲೊಬ್ಬರು ಬಂದು, ಬಿಸಿಲೇರುವ ಮುನ್ನ ಪರದೆಗಳನ್ನು ಸುತ್ತಿ, ಸಂಜೆ ಇಳಿಸಿ ಹೋಗುತ್ತಿದ್ದರು. ನಾಟಿಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೊಂದು ತಟ್ಟೆ ಸಸಿಗಳನ್ನು ತನ್ನ ಮನೆಗೆ ಕೊಂಡೊಯ್ದನು. ಕೊಳವೆ, ಹಾಳೆ, ಬಲೆ ಇವೆಲ್ಲವೂ ಅಂಗಡಿಯಲ್ಲಿ ದೊರೆಯುತ್ತವೆ. ದಿನಕ್ಕೆರಡು ಸಲ ಬಂದು ನೋಡುವ ಕಣ್ಣು ಮಾತ್ರ ಅಲ್ಲಿ ದೊರೆಯುವುದಿಲ್ಲ. ಅದನ್ನು ನಾವೇ ಬೆಳೆಸಿಕೊಳ್ಳಬೇಕು.