ನಾಯಿಯ ಮಿದುಳಿನ ರಕ್ತಸ್ರಾವವೂ ಅಯಸ್ಕಾಂತದ ಪರೀಕ್ಷೆಯೂ

ಥಾಣೆ, ಡೊಂಬಿವಲಿ, ಕಲ್ಯಾಣಗಳ ಹೋಟೆಲುಗಳ ಹಿಂಬಾಗಿಲಲ್ಲಿ ಉಳಿದ ಅನ್ನಕ್ಕಾಗಿ ಕಾದಿರುವ ನಾಯಿಯನ್ನು ಅರಿಯದ ಕಾರ್ಮಿಕ ಬಂಧುಗಳಿಲ್ಲ. ಅಂತಹ ನಾಯಿ ಹಠಾತ್ತನೆ ತೂರಾಡಿ, ಸುತ್ತು ತಿರುಗಿ, ಸೆಳವು ಬಂದು ಬಿದ್ದರೆ ಹುಚ್ಚು ಹಿಡಿಯಿತೆಂದು ಕೋಲೆತ್ತುವವರೇ ಅಧಿಕ. ಸಂಶಯವಿರುವಲ್ಲಿ ಅದನ್ನು ಮುಟ್ಟದಿರುವುದು ಸರಿಯೇ. ಆದರೆ ಮಿದುಳಿನೊಳಗಿನ ರಕ್ತಸ್ರಾವವೂ ಇಂತಹ ಲಕ್ಷಣಗಳನ್ನು ತೋರಬಲ್ಲುದು.

ತಲೆಬುರುಡೆಯನ್ನು ತೆರೆಯದೆ ಆ ರಕ್ತವನ್ನು ಕಾಣುವುದೆಂತು? ರಕ್ತದಲ್ಲಿರುವ ಕಬ್ಬಿಣವೇ ಇದಕ್ಕೆ ಸಾಧನ. ಆಮ್ಲಜನಕವನ್ನು ಹೊತ್ತ ರಕ್ತವನ್ನು ಅಯಸ್ಕಾಂತವು ಸೆಳೆಯದು; ಅದನ್ನು ಕಳೆದುಕೊಂಡ ರಕ್ತವನ್ನು ಸೆಳೆಯುವುದು ಎಂದು ಅಮೇರಿಕದ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲಿಯೇ ತೋರಿಸಿಕೊಟ್ಟರು. ನಾಳದಿಂದ ಹೊರಚೆಲ್ಲಿದ ರಕ್ತವು ಆಮ್ಲಜನಕವನ್ನು ಕಳೆದುಕೊಂಡು, ಕ್ರಮೇಣ ಕಬ್ಬಿಣದ ಕಲೆಯನ್ನು ಉಳಿಸುತ್ತದೆ. ಎಂ.ಆರ್.ಐ. ಯಂತ್ರದ ಅಯಸ್ಕಾಂತ ಕ್ಷೇತ್ರವು ಆ ಕಲೆಯ ಸುತ್ತಲೂ ಕದಡುತ್ತದೆ.

ಸಾಮಾನ್ಯವಾದ 'ಸ್ಪಿನ್ ಎಕೋ' ಕ್ರಮವು ಈ ಕದಡನ್ನು ಬಹುಮಟ್ಟಿಗೆ ಸರಿದೂಗಿಸುವುದರಿಂದ ಸಣ್ಣ ಕಲೆಗಳು ಮರೆಯಾಗುತ್ತವೆ. 'ಗ್ರೇಡಿಯೆಂಟ್ ಎಕೋ' ಕ್ರಮವಾದರೋ ಅದನ್ನು ಹಾಗೆಯೇ ಬಿಡುತ್ತದೆ. ರಕ್ತವಿದ್ದ ಸ್ಥಳವು ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ. 'ಎಸ್.ಡಬ್ಲ್ಯು.ಐ.' ಎಂಬ ಹೊಸ ಕ್ರಮವು ಇನ್ನೂ ಸೂಕ್ಷ್ಮವಾದುದು. ಸುಣ್ಣಗಟ್ಟಿದ ಭಾಗವೂ ಗಾಳಿಯೂ ಕಪ್ಪಾಗಿಯೇ ಕಾಣುವುದರಿಂದ, ವೈದ್ಯರು ಇತರ ಚಿತ್ರಗಳೊಡನೆ ಹೋಲಿಸಿಯೇ ನಿರ್ಣಯಿಸಬೇಕು. ನಾಯಿಯು ಅಲುಗದೆ ಮಲಗಲಾರದಾದುದರಿಂದ ಅದಕ್ಕೆ ಅರಿವಳಿಕೆಯೂ ಬೇಕು. ತುರ್ತಿದ್ದಲ್ಲಿ ಶೀಘ್ರವಾಗಿ ಮುಗಿಯುವ ಸಿ.ಟಿ. ಪರೀಕ್ಷೆಯನ್ನೇ ಆರಿಸುವುದುಂಟು.

ಈ ಸೌಕರ್ಯವು ಇಂದು ನಮಗೆ ದೂರದ್ದಲ್ಲ. ನವಿ ಮುಂಬಯಿಯ ಕಳಂಬೋಲಿಯಲ್ಲಿ ಕಟ್ಟಲು ಮೊದಲು ಯೋಚಿಸಿದ್ದ ಟಾಟಾ ಟ್ರಸ್ಟಿನ ಸಣ್ಣ ಪ್ರಾಣಿಗಳ ಆಸ್ಪತ್ರೆಯು 2024ರಲ್ಲಿ ಮುಂಬಯಿಯ ಮಹಾಲಕ್ಷ್ಮಿಯಲ್ಲಿ ತೆರೆಯಿತು. ಎಂ.ಆರ್.ಐ. ಪರೀಕ್ಷೆಯ ಏರ್ಪಾಡು ಅಲ್ಲಿದೆ.

ಆದರೆ ಪರೀಕ್ಷೆ ದುಬಾರಿ. ಬೀದಿಯ ನಾಯಿಗೆ ಅದನ್ನು ಮಾಡಿಸುವವರು ವಿರಳ. ಮೊದಲ ರಕ್ಷಣೆ ನಮ್ಮ ಅಡಿಗೆಮನೆಯಲ್ಲಿಯೇ ಇದೆ. ಏಟು, ರಕ್ತದೊತ್ತಡ, ಉಣ್ಣೆಯಿಂದ ಹರಡುವ ಜ್ವರ ಮುಂತಾದವು ರಕ್ತಸ್ರಾವಕ್ಕೆ ಕಾರಣವಾಗಬಲ್ಲವು, ಇಲಿಪಾಷಾಣವೂ ಅವುಗಳಲ್ಲೊಂದು. ಬ್ರೋಮಾಡಿಯೋಲೋನ್ ಜಾತಿಯ ಪಾಷಾಣವು ಕೆ ಜೀವಸತ್ವದ ಕಾರ್ಯವನ್ನು ತಡೆದು, ರಕ್ತವು ಹೆಪ್ಪುಗಟ್ಟದಂತೆ ಮಾಡುತ್ತದೆ. ತಿಂದ ದಿನ ನಾಯಿಯು ಚೆನ್ನಾಗಿಯೇ ಇದ್ದು, ಕೆಲವು ದಿನಗಳ ಮೇಲೆ ಒಳಗೊಳಗೇ ರಕ್ತ ಸೋರತೊಡಗುತ್ತದೆ; ಮಿದುಳಿನಲ್ಲಿಯೂ ಸೋರಬಹುದು.

ಆದುದರಿಂದ ಪಾಷಾಣವನ್ನು ನಾಯಿಗೆ ಎಟುಕದ ಪೆಟ್ಟಿಗೆಯೊಳಗೇ ಇರಿಸತಕ್ಕದ್ದು. ಸತ್ತ ಇಲಿಯನ್ನು ಹಿತ್ತಿಲಿಗೆ ಎಸೆಯಕೂಡದು. ನಾಯಿಯು ತಿಂದ ಸಂಶಯ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಪಾಷಾಣದ ಪೊಟ್ಟಣವನ್ನೇ ಪಶುವೈದ್ಯರಿಗೆ ತೋರಿಸಬೇಕು. ಹೆಸರು ತಿಳಿದೊಡನೆ ಅವರು ತಕ್ಕ ಚಿಕಿತ್ಸೆ ಆರಂಭಿಸಬಲ್ಲರು; ಈ ಜಾತಿಯ ಪಾಷಾಣಕ್ಕೆ ಕೆ1 ಜೀವಸತ್ವವೇ ಮದ್ದು. ಆ ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕದೆ ಕಾದಿರಿಸುವುದಕ್ಕೆ ಯಾರಿಗೂ ಕಾಸು ಖರ್ಚಿಲ್ಲ.