ವಿಡಿಯೊ ಗೇಮ್ ವಿಮರ್ಶೆ: ಪಠ್ಯ ಯಾವುದು ಎಂಬ ಪ್ರಶ್ನೆ

ಕಾದಂಬರಿಯೊಂದನ್ನು ಕುರಿತು ಇಬ್ಬರು ವಿಮರ್ಶಕರು ಪರಸ್ಪರ ವಿರುದ್ಧವಾದ ನಿಲುವು ತಳೆದಾಗಲೂ ಅವರು ಓದಿದ್ದು ಒಂದೇ ಪುಸ್ತಕವೆಂಬ ನಂಬಿಕೆ ಇದ್ದೇ ಇರುತ್ತದೆ. ವಿಡಿಯೊ ಗೇಮ್‌ಗಳ ವಿಮರ್ಶೆಯಲ್ಲಿ ಈ ನಂಬಿಕೆ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಒಂದೇ ಹೆಸರಿನ ಆಟವನ್ನು ಆಡಿದ ಇಬ್ಬರು ಬೇರೆ ಬೇರೆ ಘಟನೆಗಳನ್ನು ಕಂಡಿರಬಹುದು, ಬೇರೆ ಬೇರೆ ಆವೃತ್ತಿಗಳನ್ನು ಬಳಸಿರಬಹುದು, ಬೇರೆ ಬೇರೆ ಭಾಷೆಗಳಲ್ಲಿ ಅದನ್ನು ಗ್ರಹಿಸಿರಬಹುದು. ಆದ್ದರಿಂದ ಆಟ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸುವ ಮೊದಲು, ತೀರ್ಮಾನಕ್ಕೆ ಒಳಗಾಗುತ್ತಿರುವ ಪಠ್ಯ ಯಾವುದು ಎಂಬುದನ್ನು ಹೇಳಬೇಕಾದ ಹೊಣೆ ವಿಮರ್ಶಕನ ಮೇಲಿದೆ. ಇತ್ತೀಚಿನ ವರ್ಷಗಳಲ್ಲಿ ಬಿಡುಗಡೆಯಾದ, ಭಿನ್ನ ಪ್ರಕಾರಗಳಿಗೆ ಸೇರಿದ ಕೆಲವು ಆಟಗಳನ್ನೂ ಅವುಗಳನ್ನು ಕುರಿತ ವಿಮರ್ಶಾತ್ಮಕ ಅಭಿಪ್ರಾಯಗಳನ್ನೂ ಆಧರಿಸಿ ಈ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

೧

ಆಟವನ್ನು ಸಂಸ್ಕೃತಿಯ ಮೂಲಭೂತ ಚಟುವಟಿಕೆಯೆಂದು ಪರಿಗಣಿಸಿದ ಡಚ್ ಇತಿಹಾಸಕಾರ ಯೋಹಾನ್ ಹೌಜಿಂಗಾ ಅವರ 'ಹೋಮೋ ಲೂಡೆನ್ಸ್' ೧೯೩೮ರಲ್ಲಿ ಪ್ರಕಟವಾಯಿತು. ಫ್ರೆಂಚ್ ಚಿಂತಕ ರೋಜೆ ಕಾಯ್ವಾ ೧೯೫೮ರಲ್ಲಿ ಆಟಗಳನ್ನು ಸ್ಪರ್ಧೆ, ಅದೃಷ್ಟ, ಅನುಕರಣೆ ಮತ್ತು ತಲೆಸುತ್ತಿನ ಅನುಭವ ಎಂಬ ನಾಲ್ಕು ನೆಲೆಗಳಲ್ಲಿ ವರ್ಗೀಕರಿಸಿದರು. ಗಣಕಯಂತ್ರದ ಕಾಲಕ್ಕೆ ಬಂದರೆ, ನಾರ್ವೆಯ ಎಸ್ಪೆನ್ ಆರ್ಸೆತ್ ಅವರ 'ಸೈಬರ್‌ಟೆಕ್ಸ್ಟ್' (೧೯೯೭) ಮುಖ್ಯವಾದ ಕೃತಿ. ಕಣ್ಣಾಡಿಸುವುದು, ಪುಟ ಮಗುಚುವುದು ಇವುಗಳಾಚೆಗೂ ಓದುಗನಿಂದ ಶ್ರಮವನ್ನು ಬೇಡುವ ಪಠ್ಯಗಳು ಪ್ರತ್ಯೇಕ ವರ್ಗವೆಂಬುದು ಅವರ ವಾದ. ಇಯಾನ್ ಬೊಗೊಸ್ಟ್ ೨೦೦೭ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಟವು ತನ್ನ ವಾದವನ್ನು ಮಾತು ಮತ್ತು ಚಿತ್ರಗಳಿಗಿಂತ ಹೆಚ್ಚಾಗಿ ನಿಯಮಗಳ ಮೂಲಕ ಮಂಡಿಸುತ್ತದೆ ಎಂದು ತೋರಿಸಿದರು.

ಈ ವಿಚಾರಗಳು ಕನ್ನಡದ ಅಧ್ಯಯನಕಾರರಿಗೆ ತೀರಾ ಅಪರಿಚಿತವಾಗಬೇಕಿಲ್ಲ. ತಾಳಮದ್ದಳೆಯಲ್ಲಿ ಪ್ರಸಂಗದ ಪದ್ಯಗಳು ಮೊದಲೇ ಸಿದ್ಧವಾಗಿರುತ್ತವೆ. ಅರ್ಥಧಾರಿಯ ಮಾತು ಮಾತ್ರ ಆ ರಾತ್ರಿಯೇ ಹುಟ್ಟಬೇಕು. ಪ್ರಸಂಗ ಪುಸ್ತಕವನ್ನು ಮಾತ್ರ ಓದಿದವನು ಕೂಟವನ್ನು ವಿಮರ್ಶಿಸಲಾರ. ಕೂಟವನ್ನು ಕೇಳಿದವನೂ ಪ್ರಸಂಗದ ಕಟ್ಟು ತಿಳಿಯದೆ ಅರ್ಥಧಾರಿಯ ಸಾಧನೆಯನ್ನು ಅಳೆಯಲಾರ. ವಿಡಿಯೊ ಗೇಮ್‌ನಲ್ಲಿ ನಿಯಮಗಳ ವ್ಯವಸ್ಥೆಯು ಪ್ರಸಂಗದ ಸ್ಥಾನದಲ್ಲಿದೆ, ಆಡುವ ಕ್ರಿಯೆಯು ಅರ್ಥಗಾರಿಕೆಯ ಸ್ಥಾನದಲ್ಲಿದೆ. ವ್ಯತ್ಯಾಸವೂ ಇದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಬೇರೆ, ಶ್ರೋತೃ ಬೇರೆ. ಇಲ್ಲಿ ಆಟಗಾರನೇ ಎರಡೂ ಆಗಿರುತ್ತಾನೆ. ವಿಮರ್ಶಕನೂ ಆಟಗಾರನೇ ಆದ್ದರಿಂದ ಅವನು ತನ್ನದೇ ಅರ್ಥಗಾರಿಕೆಯನ್ನು ಒಳಗೊಂಡ ಕೂಟವನ್ನು ವಿಮರ್ಶಿಸಬೇಕಾಗುತ್ತದೆ. ಈ ಮಾಧ್ಯಮದ ವಿಮರ್ಶೆ ಎದುರಿಸುವ ಮೊದಲ ತೊಡಕು ಇದು.

೨

ಸಾಹಿತ್ಯದಲ್ಲಿ ಪ್ರಕಾರವೆಂಬುದು ರೂಪವನ್ನೋ ವಸ್ತುವನ್ನೋ ಸೂಚಿಸುತ್ತದೆ. ಆಟಗಳಲ್ಲಿ ಪ್ರಕಾರವು ಮುಖ್ಯವಾಗಿ ಆಟಗಾರ ಮಾಡಬೇಕಾದ ಕ್ರಿಯೆಯನ್ನು ಸೂಚಿಸುತ್ತದೆ. ಆದರೆ ಒಂದೇ ಪ್ರಕಾರದೊಳಗೂ ಕ್ರಿಯೆಗಳು ಎಷ್ಟು ಭಿನ್ನವಾಗಿರಬಹುದು ಎಂಬುದಕ್ಕೆ ಪಾತ್ರಧಾರಣೆಯ ಆಟಗಳೆಂದು ಕರೆಯಲಾಗುವ ಎರಡು ಕೃತಿಗಳನ್ನು ನೋಡಬಹುದು.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ ೨೦೨೩ರ ಆಗಸ್ಟ್‌ನಲ್ಲಿ ಹೊರತಂದ 'ಬಾಲ್ಡರ್ಸ್ ಗೇಟ್ ೩' ಆಟವು, ೧೯೭೪ರಲ್ಲಿ ಪ್ರಕಟವಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಮೇಜಿನ ಆಟದ ಪರಂಪರೆಗೆ ಸೇರಿದ್ದು. ಒಬ್ಬನನ್ನು ಮಾತಿನಲ್ಲಿ ಒಲಿಸಬೇಕೆ, ಬೀಗ ಮುರಿಯಬೇಕೆ ಎಂಬಂತಹ ಸಂದರ್ಭಗಳಲ್ಲಿ ಪರದೆಯ ಮೇಲೆ ಇಪ್ಪತ್ತು ಮುಖಗಳ ದಾಳ ಉರುಳುತ್ತದೆ. ದಾಳ ಸೋತರೆ ಕಥೆ ಸಾಮಾನ್ಯವಾಗಿ ನಿಲ್ಲುವುದಿಲ್ಲ, ಇನ್ನೊಂದು ದಾರಿಯಲ್ಲಿ ಮುಂದುವರಿಯುತ್ತದೆ. ವಿಮರ್ಶಕರು ಈ ಆಟವನ್ನು ಮೆಚ್ಚಲು ಇದೊಂದು ಮುಖ್ಯ ಕಾರಣವಾಗಿತ್ತು. ಆದರೆ ಆಟಗಾರನು ತಾನು ಉಳಿಸಿಟ್ಟ ಹಿಂದಿನ ಹಂತಕ್ಕೆ ಮರಳಿ ದಾಳವನ್ನು ಮತ್ತೆ ಉರುಳಿಸಲೂಬಹುದು. ಸಭಾಪರ್ವದ ದ್ಯೂತಪ್ರಸಂಗದಲ್ಲಿ ಧರ್ಮರಾಯನಿಗೆ ಇಂತಹ ಅವಕಾಶವಿದ್ದಿದ್ದರೆ ಭಾರತದ ಕಥೆಯೇ ಬೇರೆಯಾಗುತ್ತಿತ್ತು. ಸೋಲನ್ನು ಒಪ್ಪಿ ಮುಂದುವರಿದವನಿಗೆ ಈ ಆಟವು ವಿಧಿಯನ್ನು ಕುರಿತ ಕಥನವಾಗಿ ಕಾಣುತ್ತದೆ. ಪ್ರತಿ ಸೋಲನ್ನೂ ಅಳಿಸಿ ಮುಂದುವರಿದವನಿಗೆ ಅದು ಇಚ್ಛಾಪೂರ್ತಿಯ ಕಥನವಾಗಿ ಕಾಣುತ್ತದೆ. ಇವರಿಬ್ಬರೂ ತಾವು ಆಡಿದ ಬಗೆಯನ್ನು ಹೇಳದೆ ನೀಡುವ ತೀರ್ಪುಗಳು ಪರಸ್ಪರ ಸಂವಾದಿಸಲಾರವು.

ಫ್ರಾನ್ಸಿನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಇಂಟರ್‌ಆಕ್ಟಿವ್ ೨೦೨೫ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿದ 'ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಶನ್ ೩೩' ಇದೇ ಪ್ರಕಾರದ ಹೆಸರಿನಲ್ಲಿ ಬೇರೊಂದು ಅನುಭವವನ್ನು ಕೊಡುತ್ತದೆ. ಚಿತ್ರಕಾರ್ತಿಯೊಬ್ಬಳು ವರ್ಷಕ್ಕೊಮ್ಮೆ ಒಂದು ಸಂಖ್ಯೆಯನ್ನು ಬರೆಯುತ್ತಾಳೆ. ಆ ವಯಸ್ಸಿನವರು ಇಲ್ಲವಾಗುತ್ತಾರೆ. ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಕಥೆ, ಸಂಗೀತ ಮತ್ತು ದೃಶ್ಯವಿನ್ಯಾಸಗಳಿಗಾಗಿ ವ್ಯಾಪಕ ಪ್ರಶಂಸೆ ಪಡೆದ ಈ ಆಟಕ್ಕೆ ೨೦೨೫ರ ಡಿಸೆಂಬರ್‌ನಲ್ಲಿ 'ದಿ ಗೇಮ್ ಅವಾರ್ಡ್ಸ್' ಸಮಾರಂಭದಲ್ಲಿ ವರ್ಷದ ಆಟವೆಂಬ ಪ್ರಶಸ್ತಿ ದೊರೆಯಿತು. ಕಾಳಗದಲ್ಲಿ ಎರಡು ಪಕ್ಷಗಳೂ ಸರದಿಯಂತೆ ಹೊಡೆಯುತ್ತವೆ. ಆದರೆ ಎದುರಾಳಿಯ ಸರದಿಯಲ್ಲಿ ಆಟಗಾರನು ಸುಮ್ಮನೆ ಕೂರುವಂತಿಲ್ಲ. ಸರಿಯಾದ ಕ್ಷಣದಲ್ಲಿ ಗುಂಡಿ ಒತ್ತಿ ಪೆಟ್ಟನ್ನು ತಪ್ಪಿಸಿಕೊಳ್ಳಬಹುದು ಅಥವಾ ತಡೆದು ಮರುಪೆಟ್ಟು ಕೊಡಬಹುದು. ಸರದಿಯ ಕಾಳಗವು ನಿಧಾನವಾದ ಆಲೋಚನೆಗೆ ಸಂಬಂಧಿಸಿದ್ದೆಂದು ಭಾವಿಸಿದವರಿಗೆ ಇದು ಪ್ರಕಾರದ ಭಂಗವಾಗಿ ಕಾಣುತ್ತದೆ. ಉಳಿದವರಿಗೆ ನವೀಕರಣವಾಗಿ ಕಾಣುತ್ತದೆ.

ಈ ಚರ್ಚೆಯಲ್ಲಿ ಕಥೆ ಮತ್ತು ನಿಯಮಗಳ ಸಂಬಂಧವು ಹಿನ್ನೆಲೆಗೆ ಸರಿಯುತ್ತದೆ. ಕಥೆ ಹೇಳುವುದು ಯಾರೂ ತಪ್ಪಿಸಿಕೊಳ್ಳಲಾಗದ ಸಾವನ್ನು. ಕಾಳಗದ ನಿಯಮ ಹೇಳುವುದು ಕುಶಲಿಯಾದವನು ಪೆಟ್ಟೇ ತಿನ್ನದೆ ಉಳಿಯಬಲ್ಲನೆಂಬುದನ್ನು. ಇದು ವಿಸಂಗತಿಯೆ, ಅಥವಾ ಸಾವಿನ ಎದುರು ಮನುಷ್ಯನಿಗಿರುವ ಹಟವನ್ನು ಆಟಗಾರನ ಬೆರಳುಗಳಿಗೆ ಅನುಭವಕ್ಕೆ ತರುವ ಉಪಾಯವೆ? ೨೦೦೭ರಲ್ಲಿ ಆಟವಿನ್ಯಾಸಕ ಕ್ಲಿಂಟ್ ಹಾಕಿಂಗ್ 'ಬಯೋಶಾಕ್' ಆಟವನ್ನು ಕುರಿತು ಕಥೆ ಮತ್ತು ಆಟಗಳ ನಡುವಿನ ಬಿರುಕನ್ನು ಚರ್ಚಿಸಿದಂದಿನಿಂದ ಈ ಪ್ರಶ್ನೆ ಜೀವಂತವಾಗಿದೆ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರನು ಪ್ರತಿಪಾದಿಸಿದ ಔಚಿತ್ಯದ ಪರಿಕಲ್ಪನೆಯನ್ನು ಇಲ್ಲಿ ಹೊಸದಾಗಿ ಅನ್ವಯಿಸಲು ಸಾಧ್ಯವಿದೆ. ಅಂಗಗಳು ಬಿಡಿಬಿಡಿಯಾಗಿ ಸುಂದರವಾಗಿದ್ದರೆ ಸಾಲದು, ಅವು ಒಂದಕ್ಕೊಂದು ತಕ್ಕುದಾಗಿರಬೇಕು.

೩

ನಿಯಮವನ್ನು ನೋಡದೆ ಚಿತ್ರವನ್ನು ಮಾತ್ರ ನೋಡಿದರೆ ಆಗುವ ಪ್ರಮಾದಕ್ಕೆ ಇಸ್ಪೀಟಿನ ಎಲೆಗಳ 'ಬಲಾಟ್ರೊ' ಉತ್ತಮ ನಿದರ್ಶನ. ಲೋಕಲ್‌ಥಂಕ್ ಎಂಬ ಗುಪ್ತನಾಮದ ಕೆನಡಾದ ವಿನ್ಯಾಸಕರೊಬ್ಬರು ರೂಪಿಸಿದ ಈ ಆಟ ೨೦೨೪ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಪೋಕರ್ ಆಟದ ಎಲೆಜೋಡಣೆಗಳನ್ನು ಇದು ಬಳಸುತ್ತದೆಯಾದರೂ ಇಲ್ಲಿ ಎದುರಾಳಿಯೂ ಇಲ್ಲ, ನಿಜವಾದ ಹಣದ ಪಣವೂ ಇಲ್ಲ. ಜೋಕರ್ ಎಲೆಗಳು ಅಂಕಗಣನೆಯ ನಿಯಮಗಳನ್ನೇ ಬದಲಿಸುತ್ತಾ ಹೋಗುತ್ತವೆ. ಅವುಗಳನ್ನು ಕೂಡಿಸಿ ಗುಣಿಸಿ ಗೊತ್ತುಪಡಿಸಿದ ಮೊತ್ತವನ್ನು ಮುಟ್ಟುವುದೇ ಆಟ. ಬಿಡುಗಡೆಯ ಬೆನ್ನಿಗೇ, ೨೦೨೪ರ ಮಾರ್ಚ್‌ನಲ್ಲಿ, ಇದರ ವಯೋಮಿತಿ ಹದಿನೆಂಟಕ್ಕೆ ಏರಿತು. ಕೆಲವು ದೇಶಗಳ ಮಾರಾಟ ಮಳಿಗೆಗಳಿಂದ ಆಟವನ್ನು ತಾತ್ಕಾಲಿಕವಾಗಿ ತೆಗೆಯಲಾಯಿತು. ಪ್ರಕಾಶಕರ ಮೇಲ್ಮನವಿಯ ತರುವಾಯ ಯುರೋಪಿನ ವರ್ಗೀಕರಣ ಸಂಸ್ಥೆಯಾದ ಪೆಗಿ ೨೦೨೫ರ ಫೆಬ್ರವರಿಯಲ್ಲಿ ಅದನ್ನು ಹನ್ನೆರಡಕ್ಕೆ ಇಳಿಸಿತು.

ಎಲೆಗಳ ಚಿತ್ರವನ್ನು ನೋಡಿದವರಿಗೆ ಇದು ಜೂಜು; ನಿಯಮವನ್ನು ನೋಡಿದವರಿಗೆ ಲೆಕ್ಕಾಚಾರದ ಆಟ. ಹಾಗೆಂದು ಚರ್ಚೆ ಇಲ್ಲಿಗೇ ಮುಗಿಯುವುದಿಲ್ಲ. ಇನ್ನೊಂದು ಸುತ್ತು ಆಡಬೇಕೆಂಬ ಸೆಳೆತವನ್ನು ಈ ಆಟ ಹುಟ್ಟಿಸುತ್ತದೆ ಎಂಬುದನ್ನು ಮೆಚ್ಚಿದವರೂ ಶಂಕಿಸಿದವರೂ ಸಮಾನವಾಗಿ ಗುರುತಿಸಿದ್ದಾರೆ. ಹಣವಿಲ್ಲದ ಕಡೆಯೂ ಜೂಜಿನ ಮನಃಸ್ಥಿತಿ ಇರಲು ಸಾಧ್ಯವೆ ಎಂಬುದು ವಿಮರ್ಶೆಯು ಕೇಳಬೇಕಾದ ಪ್ರಶ್ನೆ. ಆದರೆ ನಿಯಮವನ್ನು ಬಿಡಿಸಿ ನೋಡಿದ ಮೇಲಷ್ಟೇ ಆ ಪ್ರಶ್ನೆಗೆ ಅರ್ಥ ಬರುತ್ತದೆ.

೪

ಆವೃತ್ತಿಯ ಪ್ರಶ್ನೆಯನ್ನು ಕನ್ನಡ ವಿದ್ವತ್ತು ಗ್ರಂಥಸಂಪಾದನೆಯ ಮೂಲಕ ಚೆನ್ನಾಗಿ ಬಲ್ಲದು. ಯಾವ ಓಲೆಪ್ರತಿಯನ್ನು ಆಧರಿಸಲಾಗಿದೆ, ಪಾಠಾಂತರಗಳೇನು ಎಂಬುದನ್ನು ಹೇಳದ ಸಂಪಾದನೆಯನ್ನು ಯಾರೂ ಶಾಸ್ತ್ರೀಯವೆಂದು ಒಪ್ಪುವುದಿಲ್ಲ. ಆಟಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಪೋಲೆಂಡಿನ 'ಸೈಬರ್‌ಪಂಕ್ ೨೦೭೭' ಬಿಡುಗಡೆಯಾದದ್ದು ೨೦೨೦ರ ಡಿಸೆಂಬರ್‌ನಲ್ಲಿ. ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ದೊರೆತದ್ದು ಗಣಕಯಂತ್ರದ ಪ್ರತಿ. ಅದನ್ನು ಆಧರಿಸಿದ ಮೆಚ್ಚುಗೆಯ ಮಾತುಗಳನ್ನು ನಂಬಿ ಹಳೆಯ ಪ್ಲೇಸ್ಟೇಷನ್ ೪, ಎಕ್ಸ್‌ಬಾಕ್ಸ್ ಒನ್ ಯಂತ್ರಗಳಿಗೆ ಕೊಂಡವರಿಗೆ ದೊರೆತದ್ದು ದೋಷಗಳಿಂದ ತುಂಬಿದ ಪ್ರತಿ. ಸೋನಿ ಅದೇ ತಿಂಗಳು ಅದನ್ನು ತನ್ನ ಮಳಿಗೆಯಿಂದ ತೆಗೆದು ೨೦೨೧ರ ಜೂನ್‌ನಲ್ಲಿ ಮರಳಿ ಸೇರಿಸಿತು. ೨೦೨೩ರ ಸೆಪ್ಟೆಂಬರಿನ ಪರಿಷ್ಕರಣೆಯು ಕೌಶಲಗಳ ವ್ಯವಸ್ಥೆಯನ್ನೇ ಹೊಸದಾಗಿ ಕಟ್ಟಿತು. ಇಂದು ಈ ಆಟವನ್ನು ಆಡುವವನಿಗೆ ೨೦೨೦ರ ವಿಮರ್ಶೆಗಳು ಬೇರೊಂದು ಕೃತಿಯ ವಿಮರ್ಶೆಗಳಂತೆ ತೋರಿದರೆ ಆಶ್ಚರ್ಯವಿಲ್ಲ.

ಆಸ್ಟ್ರೇಲಿಯಾದ ಟೀಮ್ ಚೆರ‍್ರಿ ೨೦೨೫ರ ಸೆಪ್ಟೆಂಬರ್ ೪ರಂದು ಬಿಡುಗಡೆ ಮಾಡಿದ 'ಹಾಲೋ ನೈಟ್: ಸಿಲ್ಕ್‌ಸಾಂಗ್' ಜಿಗಿತ, ಕಾಳಗ ಮತ್ತು ಅನ್ವೇಷಣೆಗಳು ಬೆರೆತ ಪ್ರಕಾರಕ್ಕೆ ಸೇರಿದ್ದು. ಇದರ ಪ್ರತಿಗಳನ್ನು ವಿಮರ್ಶಕರಿಗೆ ಮುಂಚಿತವಾಗಿ ಕೊಡಲಿಲ್ಲ. ಅವರೂ ಸಾಮಾನ್ಯ ಆಟಗಾರರೊಂದಿಗೇ ಆಡಲಾರಂಭಿಸಿದರು. ತೀರ್ಪುಗಳು ತಡವಾಗಿ ಬಂದವು, ಅಷ್ಟರಲ್ಲಿ ಕಾಠಿಣ್ಯವನ್ನು ಕುರಿತ ವಾಗ್ವಾದ ಬೆಳೆದಿತ್ತು. ಕಾಠಿಣ್ಯವೇ ಈ ಪ್ರಕಾರದ ಜೀವಾಳವೆಂದು ಕೆಲವರು, ಅದು ಅನಗತ್ಯ ಶಿಕ್ಷೆಯೆಂದು ಕೆಲವರು ವಾದಿಸಿದರು. ಕೆಲವೇ ದಿನಗಳಲ್ಲಿ ಬಂದ ತಿದ್ದುಪಡಿಯು ಆರಂಭದ ಹಂತದ ಇಬ್ಬರು ಎದುರಾಳಿಗಳನ್ನು ಸ್ವಲ್ಪ ಸಡಿಲಗೊಳಿಸಿತು. ಮೊದಲ ವಾರದಲ್ಲಿ ಸೋತು ಕೈಬಿಟ್ಟವನೂ ತಿಂಗಳ ತರುವಾಯ ಗೆದ್ದವನೂ ಎದುರಿಸಿದ್ದು ಒಂದೇ ಎದುರಾಳಿಯನ್ನಲ್ಲ.

೫

ಇದೇ ಆಟವು ಭಾಷೆಯ ಪ್ರಶ್ನೆಯನ್ನೂ ಮುಂದಿಡುತ್ತದೆ. ಬಿಡುಗಡೆಯಾದಾಗ ಸರಳೀಕೃತ ಚೀನೀ ಲಿಪಿಯ ಆವೃತ್ತಿಯನ್ನು ಆಡಿದವರು ಅನುವಾದವನ್ನು ಕಟುವಾಗಿ ಟೀಕಿಸಿದರು. ಮೂಲದ ಮಿತವಾದ ಮಾತು ಚೀನಿಯಲ್ಲಿ ಕೃತಕವಾದ ಹಳೆಯ ಶೈಲಿಗೆ ತಿರುಗಿದೆಯೆಂಬುದು ಮುಖ್ಯ ಆಕ್ಷೇಪ. ಇತರ ಭಾಷೆಗಳಲ್ಲಿ ಮೆಚ್ಚುಗೆ ಹರಿಯುತ್ತಿದ್ದಾಗ ಆ ಭಾಷೆಯ ಅಭಿಪ್ರಾಯಗಳು ಬಹುಪಾಲು ಪ್ರತಿಕೂಲವಾಗಿದ್ದವು. ಆಟದ ಪ್ರಕಾಶನವನ್ನು ನೋಡಿಕೊಳ್ಳುತ್ತಿದ್ದವರು ದೋಷವನ್ನು ಒಪ್ಪಿ ತಿದ್ದುವುದಾಗಿ ತಿಳಿಸಿದರು. ಜಿಗಿತದ ಅಂತರಗಳೂ ಪೆಟ್ಟಿನ ಲೆಕ್ಕಗಳೂ ಎಲ್ಲ ಭಾಷೆಗಳಲ್ಲಿ ಒಂದೇ ಆಗಿದ್ದರೂ ಕೃತಿ ಒಂದೇ ಆಗಿರಲಿಲ್ಲ. ಆಟವೆಂದರೆ ನಿಯಮಗಳ ಮೊತ್ತ ಮಾತ್ರ ಎಂಬ ವಾದದ ಮಿತಿಯನ್ನು ಈ ಪ್ರಸಂಗ ತೋರಿಸುತ್ತದೆ.

ಭಾಷೆಯನ್ನೇ ನಿಯಮವನ್ನಾಗಿ ಮಾಡಿಕೊಂಡ ಕೃತಿ 'ವೆಣ್ಬಾ'. ಟೊರೊಂಟೊದ ವಿಸೈ ಗೇಮ್ಸ್ ೨೦೨೩ರ ಜುಲೈನಲ್ಲಿ ಹೊರತಂದ ಈ ಆಟದಲ್ಲಿ, ೧೯೮೦ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ಗೃಹಿಣಿಯೊಬ್ಬಳು ತಾಯಿಯಿಂದ ಬಂದ, ಹರಿದು ಮಾಸಿದ ಅಡುಗೆ ಪುಸ್ತಕವನ್ನು ನೋಡಿ ಅಡುಗೆ ಮಾಡುತ್ತಾಳೆ. ಅಳಿಸಿಹೋದ ಸಾಲುಗಳನ್ನು ಊಹಿಸಿ ತುಂಬುವುದೇ ಆಟಗಾರನ ಕೆಲಸ. ತಮಿಳನ್ನು ಕಳೆದುಕೊಳ್ಳುತ್ತಿರುವ ಮಗನ ಕೈಗೆ ಆ ಪುಸ್ತಕ ಬಂದಾಗ ಖಿಲವಾಗಿರುವುದು ಪುಟ ಮಾತ್ರವಲ್ಲ, ಓದುಗನ ಭಾಷೆಯೂ ಹೌದು. ೨೦೨೪ರಲ್ಲಿ ಬ್ರಿಟನ್ನಿನ ಬಾಫ್ಟಾ ಸಂಸ್ಥೆ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ನೀಡಿತು. ಆಟ ಚಿಕ್ಕದು, ಒಗಟುಗಳು ಸುಲಭವೆಂಬ ಆಕ್ಷೇಪವೂ ಕೇಳಿಬಂತು. ಆಕ್ಷೇಪ ನಿರಾಧಾರವಲ್ಲ. ಆದರೆ ಇಡ್ಲಿ ಬೇಯಿಸುವ ಕ್ರಮವನ್ನು ಬಲ್ಲ ಮನೆಯ ಆಟಗಾರನಿಗೆ ಅಲ್ಲಿ ಒಗಟೇ ಇಲ್ಲ. ಇಡ್ಲಿಯನ್ನೇ ಕಾಣದವನಿಗೆ ಅದು ನಿಜವಾದ ಒಗಟು. ಸುಲಭವೆಂಬ ತೀರ್ಪು ಯಾರ ಅಡುಗೆಮನೆಯಿಂದ ಬಂದದ್ದು ಎಂಬುದನ್ನೂ ಕೇಳಬೇಕಾಗುತ್ತದೆ.

೬

ಇಷ್ಟು ಭಿನ್ನ ಅನುಭವಗಳನ್ನು ಈ ಕ್ಷೇತ್ರದ ವಿಮರ್ಶೆಯು ಕೊನೆಗೆ ಒಂದು ಅಂಕಕ್ಕೆ ಇಳಿಸುತ್ತದೆ. ೨೦೦೧ರಲ್ಲಿ ಆರಂಭವಾದ ಮೆಟಾಕ್ರಿಟಿಕ್ ವಿವಿಧ ವಿಮರ್ಶಕರ ಅಂಕಗಳನ್ನು ಸೇರಿಸಿ ನೂರಕ್ಕೆ ಇಷ್ಟೆಂಬ ಸರಾಸರಿಯನ್ನು ಪ್ರಕಟಿಸುತ್ತದೆ. ಇದರ ಪರಿಣಾಮ ಓದುಗರ ಆಯ್ಕೆಗಷ್ಟೇ ಸೀಮಿತವಲ್ಲ. ೨೦೧೦ರ 'ಫಾಲ್‌ಔಟ್: ನ್ಯೂ ವೇಗಸ್' ಆಟಕ್ಕೆ ೮೫ ಅಂಕ ಬಂದಿದ್ದರೆ ಅದನ್ನು ರೂಪಿಸಿದ ಅಬ್ಸಿಡಿಯನ್ ಸಂಸ್ಥೆಗೆ ಹೆಚ್ಚುವರಿ ಸಂಭಾವನೆ ಸಲ್ಲಬೇಕಿತ್ತು, ಬಂದದ್ದು ೮೪ ಎಂದು ಆ ಸಂಸ್ಥೆಯ ವಿನ್ಯಾಸಕ ಕ್ರಿಸ್ ಅವೆಲೋನ್ ೨೦೧೨ರಲ್ಲಿ ತಿಳಿಸಿದರು. ಬೇರೆ ಬೇರೆ ಪ್ರತಿಗಳನ್ನು ಬೇರೆ ಬೇರೆ ಬಗೆಯಲ್ಲಿ ಆಡಿದವರ ತೀರ್ಪುಗಳ ಸರಾಸರಿಯಲ್ಲಿನ ಒಂದು ಅಂಕವು ದುಡಿದವರ ಗಳಿಕೆಯನ್ನು ನಿರ್ಧರಿಸಿತು. ವಿಮರ್ಶೆಯ ಹೊಣೆಗಾರಿಕೆ ಎಂಬ ಮಾತಿಗೆ ಇದಕ್ಕಿಂತ ಪ್ರತ್ಯಕ್ಷವಾದ ಅರ್ಥ ದೊರೆಯಲಾರದು.

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಆಟದ ವಿಮರ್ಶೆಯು ಮೊದಲು ಅದರ ನಿಯಮವು ಆಟಗಾರನಿಂದ ಏನನ್ನು ಬೇಡುತ್ತದೆ ಎಂಬುದನ್ನು ವಿವರಿಸಬೇಕು. ಪ್ರಕಾರದ ಹೆಸರು ಆ ವಿವರಣೆಗೆ ಪರ್ಯಾಯವಾಗಲಾರದು. ಎರಡನೆಯದಾಗಿ, ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಭಾಷೆಯಲ್ಲಿ, ಯಾವ ಬಗೆಯಲ್ಲಿ ಆಡಲಾಯಿತು ಎಂಬುದನ್ನು ದಾಖಲಿಸಬೇಕು. ಮೂರನೆಯದಾಗಿ, ಕಥೆ ಮತ್ತು ನಿಯಮಗಳ ನಡುವಿನ ಔಚಿತ್ಯವನ್ನು ಪರೀಕ್ಷಿಸಬೇಕು. ಮೌಲ್ಯನಿರ್ಣಯ ಇವೆಲ್ಲವುಗಳ ತರುವಾಯ ಬರಬೇಕಾದದ್ದು. ಗ್ರಂಥಸಂಪಾದನೆ, ಜಾನಪದ ಪ್ರದರ್ಶನಗಳ ಅಧ್ಯಯನ ಮತ್ತು ಕಾವ್ಯಮೀಮಾಂಸೆ ಇವು ಮೂರೂ ಕನ್ನಡ ವಿಭಾಗಗಳಲ್ಲಿ ದೀರ್ಘಕಾಲದಿಂದ ಬೋಧನೆಯಾಗುತ್ತಿರುವ ಶಿಸ್ತುಗಳು. ತರಗತಿಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗಾಗಲೇ ಈ ಆಟಗಳ ಆಟಗಾರರು. ಅವರ ಅನುಭವವನ್ನು ಮಾತಿಗೆ ತರಲು ಬೇಕಾದ ಪರಿಭಾಷೆಯ ಬಹುಭಾಗ ಕನ್ನಡದಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಈ ಹೊಸ ಪಠ್ಯಗಳ ಮುಂದಿಟ್ಟು ಪರೀಕ್ಷಿಸುವ ಕೆಲಸ ಮಾತ್ರ ಇನ್ನು ಆಗಬೇಕಾಗಿದೆ.