ಸರ್ಕಾರಿ ಶಾಲೆಗಳ ಹೋಲಿಕೆ: ತಪ್ಪು ಕಲ್ಪನೆ ಮತ್ತು ಸತ್ಯ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿನ ಸರ್ಕಾರಿ ಶಾಲೆಗಳ ಬಗ್ಗೆ ಜನರಿಗೆ ಸಿಗುವ ಅಂಕಿಅಂಶ ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು ಯುಡೈಸ್ ಪ್ಲಸ್. ದೇಶದ ಪ್ರತಿ ಶಾಲೆಗೂ 11 ಅಂಕಿಯ ಸಂಕೇತ ಕೊಟ್ಟು, ದಾಖಲಾತಿ, ಶಿಕ್ಷಕರು, ಕೊಠಡಿ, ಶೌಚಾಲಯಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಇಲ್ಲಿ ದಾಖಲಿಸಲಾಗುತ್ತದೆ. ಕರ್ನಾಟಕದ ಶಾಲೆಗಳ ಸಂಕೇತ 29ರಿಂದ ಆರಂಭವಾಗುತ್ತದೆ. ಎರಡನೆಯದು ಎಸ್ಸೆಸ್ಸೆಲ್ಸಿ ಫಲಿತಾಂಶ. ಮೂರನೆಯದು ಕಲಿಕೆಯ ಮಟ್ಟವನ್ನು ಅಳೆಯುವ ಮಾದರಿ ಸಮೀಕ್ಷೆಗಳು. ಮೂರೂ ಉಪಯುಕ್ತವೇ, ಆದರೆ ಒಂದು ಉತ್ತರಿಸುವ ಪ್ರಶ್ನೆಗೆ ಇನ್ನೊಂದು ಉತ್ತರಿಸುವುದಿಲ್ಲ. ಈ ವ್ಯತ್ಯಾಸ ಮರೆತಾಗ ಹುಟ್ಟಿಕೊಳ್ಳುವ ಕಲ್ಪನೆಗಳು ಹಲವು.

ತಪ್ಪು ಕಲ್ಪನೆ: ಶೇ 100 ಫಲಿತಾಂಶ ಬಂದ ಪ್ರೌಢಶಾಲೆಯೇ ಎಲ್ಲಕ್ಕಿಂತ ಒಳ್ಳೆಯ ಶಾಲೆ.

ಸತ್ಯ: ಶೇಕಡಾವಾರು ನೋಡುವ ಮೊದಲು ಪರೀಕ್ಷೆ ಬರೆದವರ ಸಂಖ್ಯೆ ನೋಡಬೇಕು. 12 ಮಕ್ಕಳು ಬರೆದ ಶಾಲೆಯಲ್ಲಿ ಒಬ್ಬರು ಅನುತ್ತೀರ್ಣರಾದರೂ ಫಲಿತಾಂಶ ಶೇ 91.7ಕ್ಕೆ ಇಳಿಯುತ್ತದೆ. 120 ಮಕ್ಕಳು ಬರೆದಲ್ಲಿ ಒಬ್ಬರು ಅನುತ್ತೀರ್ಣರಾದರೆ ಅದು ಶೇ 99.2ರಲ್ಲೇ ಉಳಿಯುತ್ತದೆ. ಚಿಕ್ಕ ಶಾಲೆಯ ಶೇಕಡಾ ಹೀಗೆ ಪ್ರತಿವರ್ಷ ಮೇಲೆ ಕೆಳಗೆ ಆಗುವುದು ಸಹಜ.

ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಪರೀಕ್ಷೆಯವರೆಗೆ ಬಂದರು ಎಂಬುದು ಇನ್ನೂ ಮುಖ್ಯ. ಉದಾಹರಣೆಗೆ, ಎರಡು ಶಾಲೆಗಳಲ್ಲಿ ತಲಾ 60 ಮಕ್ಕಳು ಎಂಟನೇ ತರಗತಿಗೆ ಸೇರಿದರು ಎಂದುಕೊಳ್ಳೋಣ. ಮೊದಲ ಶಾಲೆಯಲ್ಲಿ 45 ಮಕ್ಕಳು ಪರೀಕ್ಷೆ ಬರೆದು ಅಷ್ಟೂ ಮಂದಿ ಪಾಸಾದರೆ ಫಲಿತಾಂಶ ಶೇ 100. ಎರಡನೆಯದರಲ್ಲಿ 58 ಮಕ್ಕಳು ಬರೆದು 52 ಮಂದಿ ಪಾಸಾದರೆ ಫಲಿತಾಂಶ ಶೇ 89.7. ಸೇರಿದ 60 ಮಕ್ಕಳನ್ನೇ ಲೆಕ್ಕಕ್ಕೆ ಹಿಡಿದರೆ ಮೊದಲ ಶಾಲೆ ದಡ ಮುಟ್ಟಿಸಿದ್ದು ಶೇ 75 ಮಕ್ಕಳನ್ನು, ಎರಡನೆಯದು ಶೇ 86.7 ಮಕ್ಕಳನ್ನು. ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಹೋದವರನ್ನು ಈ ಲೆಕ್ಕದಿಂದ ಕಳೆಯಬೇಕು, ಓದು ಬಿಟ್ಟವರನ್ನು ಕಳೆಯಬಾರದು.

ಪ್ರವೇಶದ ಬಗೆಯೂ ಒಂದೇ ಅಲ್ಲ. ಮೊರಾರ್ಜಿ ದೇಸಾಯಿ ವಸತಿ ಶಾಲೆ ಮತ್ತು ಆದರ್ಶ ವಿದ್ಯಾಲಯಗಳು ಆರನೇ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಮಕ್ಕಳನ್ನು ಸೇರಿಸಿಕೊಳ್ಳುತ್ತ ಬಂದಿವೆ. ಊರಿನ ಸರ್ಕಾರಿ ಪ್ರೌಢಶಾಲೆ ಬಾಗಿಲಿಗೆ ಬಂದ ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ. ಇವೆರಡರ ಫಲಿತಾಂಶವನ್ನು ಅಕ್ಕಪಕ್ಕ ಇಟ್ಟರೆ ಬೋಧನೆಯ ವ್ಯತ್ಯಾಸಕ್ಕಿಂತ ಆಯ್ಕೆಯ ವ್ಯತ್ಯಾಸವೇ ಹೆಚ್ಚು ಕಾಣುತ್ತದೆ. ಇದಲ್ಲದೆ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದವು, ಅವನ್ನು ಕೊಡುವುದು ಶಾಲೆಯೇ. ಆದ್ದರಿಂದ ಶಾಲೆಗಳನ್ನು ಹೋಲಿಸುವಾಗ ಲಿಖಿತ ಪರೀಕ್ಷೆಯ 500 ಅಂಕಗಳನ್ನು ಪ್ರತ್ಯೇಕವಾಗಿ ನೋಡುವುದು ಮೇಲು.

ತಪ್ಪು ಕಲ್ಪನೆ: ಹಿಂದಿನ ವರ್ಷಕ್ಕಿಂತ ಫಲಿತಾಂಶ ಇಳಿದರೆ ಶಾಲೆ ಹಾಳಾಗಿದೆ ಎಂದರ್ಥ.

ಸತ್ಯ: ಪರೀಕ್ಷೆಯೇ ವರ್ಷದಿಂದ ವರ್ಷಕ್ಕೆ ಬದಲಾಗಿದೆ. ಕೋವಿಡ್ ಕಾರಣಕ್ಕೆ 2021ರಲ್ಲಿ ಎರಡೇ ದಿನ, ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆದು ರಾಜ್ಯದ ಬಹುತೇಕ ಎಲ್ಲರೂ ಉತ್ತೀರ್ಣರಾದರು. ರಾಜ್ಯದ ಫಲಿತಾಂಶ 2022ರಲ್ಲಿ ಶೇ 85.63, 2023ರಲ್ಲಿ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಆ ವರ್ಷ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ನಿಂತಿತು. ಅದೇ ವರ್ಷದಿಂದ ಪರೀಕ್ಷೆ–1, 2, 3 ಎಂಬ ಮೂರು ಅವಕಾಶಗಳೂ ಬಂದವು. ಹೀಗಿರುವಾಗ ಒಂದು ಶಾಲೆಯ 2023 ಮತ್ತು 2024ರ ಶೇಕಡಾಗಳನ್ನು ನೇರವಾಗಿ ಕಳೆದು ತೀರ್ಮಾನಕ್ಕೆ ಬರಲಾಗದು. ಆಯಾ ವರ್ಷದ ರಾಜ್ಯದ ಅಥವಾ ತಾಲ್ಲೂಕಿನ ಸರಾಸರಿಗಿಂತ ಶಾಲೆ ಎಷ್ಟು ಮುಂದಿದೆ, ಎಷ್ಟು ಹಿಂದಿದೆ ಎಂದು ಕನಿಷ್ಠ ಮೂರು ವರ್ಷ ನೋಡಬೇಕು.

ಮಕ್ಕಳ ತಂಡಗಳೂ ಒಂದೇ ರೀತಿ ಬೆಳೆದಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕದ ತಗ್ಗಿನ ಬಡಾವಣೆಗಳೂ ನದಿದಂಡೆಯ ಹಳ್ಳಿಗಳೂ ಮುಳುಗಿದವು. ಅದರ ಬೆನ್ನಿಗೇ 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆ ಸಾಲಿನಲ್ಲಿ ಐದನೇ ತರಗತಿಯಲ್ಲಿದ್ದ ಮಕ್ಕಳು 2025ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ನದಿದಂಡೆಯ ಶಾಲೆಯನ್ನೂ ಎತ್ತರದ ಊರಿನ ಶಾಲೆಯನ್ನೂ ಹೋಲಿಸುವವರು ಇದನ್ನು ಮರೆಯಬಾರದು.

ತಪ್ಪು ಕಲ್ಪನೆ: ಚಿಕ್ಕೋಡಿ ಜಿಲ್ಲೆಯ ಸ್ಥಾನ ಕುಸಿದರೆ ನಮ್ಮೂರ ಶಾಲೆಯೂ ಕುಸಿದಂತೆ.

ಸತ್ಯ: ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿರುವುದು 35 ಶೈಕ್ಷಣಿಕ ಜಿಲ್ಲೆಗಳು. ಬೆಳಗಾವಿ ಕಂದಾಯ ಜಿಲ್ಲೆ ಅಲ್ಲಿ ಬೆಳಗಾವಿ ಮತ್ತು ಚಿಕ್ಕೋಡಿ ಎಂದು ಎರಡಾಗಿದೆ. ಚಿಕ್ಕೋಡಿಯ ಸರಾಸರಿಯಲ್ಲಿ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಜತೆಗೆ ಅಥಣಿ, ಕಾಗವಾಡ, ರಾಯಬಾಗ, ನಿಪ್ಪಾಣಿ, ಚಿಕ್ಕೋಡಿಯ ಶಾಲೆಗಳೂ ಇವೆ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲವೂ ಅದರೊಳಗೇ ಬರುತ್ತವೆ. ಇಷ್ಟು ದೊಡ್ಡ ಸರಾಸರಿಯಿಂದ ಒಂದು ಶಾಲೆಯ ಗುಣ ತಿಳಿಯುವುದಿಲ್ಲ. ತಾಲ್ಲೂಕು ಹೋಲಿಕೆಯಲ್ಲೂ ಎಚ್ಚರ ಬೇಕು. 2011ರ ಜನಗಣತಿಯ ವೇಳೆ ಮೂಡಲಗಿ ಗೋಕಾಕ ತಾಲ್ಲೂಕಿನೊಳಗೇ ಇತ್ತು. ಆ ಜನಗಣತಿಯ ಗೋಕಾಕ ತಾಲ್ಲೂಕಿನ ಸಾಕ್ಷರತೆಯನ್ನು ಇಂದಿನ ಗೋಕಾಕ ತಾಲ್ಲೂಕಿಗೆ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ.

ತಪ್ಪು ಕಲ್ಪನೆ: ಒಬ್ಬ ಶಿಕ್ಷಕರಿಗೆ ಮಕ್ಕಳು ಕಡಿಮೆ ಇದ್ದಷ್ಟೂ ಪಾಠ ಚೆನ್ನಾಗಿ ನಡೆಯುತ್ತದೆ.

ಸತ್ಯ: ಈ ಅನುಪಾತ ಬಹಳ ಸಲ ದಾರಿ ತಪ್ಪಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕು. ಈ ಭಾಗದಲ್ಲಿ ಊರು ಬಿಟ್ಟು ಹೊಲದಲ್ಲೇ ಮನೆ ಮಾಡಿಕೊಂಡ ಕುಟುಂಬಗಳು ಬಹಳ, ಅವರ ಮಕ್ಕಳಿಗಾಗಿ ತೋಟದ ಶಾಲೆಗಳಿವೆ. ಅಂಥ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ 24 ಮಕ್ಕಳು, ಇಬ್ಬರು ಶಿಕ್ಷಕರಿದ್ದರೆ ಅನುಪಾತ 12. ಕಾಗದದ ಮೇಲೆ ಅದು ಬಲು ಚೆಂದ. ಆದರೆ ಒಬ್ಬರು ನಲಿಕಲಿ ಪದ್ಧತಿಯ ಒಂದು, ಎರಡು, ಮೂರನೇ ತರಗತಿಗಳನ್ನು ಒಟ್ಟಿಗೆ ನಡೆಸುತ್ತಾರೆ, ಇನ್ನೊಬ್ಬರು ನಾಲ್ಕು ಮತ್ತು ಐದನ್ನು ಒಂದೇ ಕೊಠಡಿಯಲ್ಲಿ ಕೂರಿಸಿಕೊಳ್ಳುತ್ತಾರೆ. ಅವರಲ್ಲೊಬ್ಬರು ತರಬೇತಿಗೋ ಸಭೆಗೋ ಹೋದ ದಿನ ಐದೂ ತರಗತಿ ಒಬ್ಬರ ಪಾಲು. ಪಟ್ಟಣದ ದೊಡ್ಡ ಶಾಲೆಯಲ್ಲಿ ಅನುಪಾತ 30 ಇದ್ದರೂ ತರಗತಿಗೊಬ್ಬರು ಶಿಕ್ಷಕರು ಇರಬಹುದು. ಪ್ರೌಢಶಾಲೆಯಲ್ಲಾದರೆ ವಿಷಯವಾರು ನೋಡಬೇಕು. ಒಟ್ಟು ಶಿಕ್ಷಕರ ಸಂಖ್ಯೆ ಸರಿಯಿದ್ದೂ ಗಣಿತದ ಹುದ್ದೆ ಖಾಲಿ ಇದ್ದರೆ ಅನುಪಾತ ಅದನ್ನು ತೋರಿಸುವುದಿಲ್ಲ.

ತಪ್ಪು ಕಲ್ಪನೆ: ದಾಖಲಾತಿ ಇಳಿದ ಶಾಲೆಯಲ್ಲಿ ಕಲಿಕೆಯೂ ಇಳಿದಿರುತ್ತದೆ.

ಸತ್ಯ: ದಾಖಲಾತಿ ಇಳಿಯಲು ಹಲವು ಕಾರಣಗಳಿವೆ. ಜನನ ಪ್ರಮಾಣ ಕಡಿಮೆಯಾಗಿದೆ. ಖಾಸಗಿ ಶಾಲೆಯ ಬಸ್ಸು ಹಳ್ಳಿಯವರೆಗೆ ಬರುತ್ತದೆ. ಪಕ್ಕದ ಶಾಲೆ ಮೇಲ್ದರ್ಜೆಗೇರಿದರೆ ಮಕ್ಕಳು ಅತ್ತ ಹೋಗುತ್ತಾರೆ. ಲೆಕ್ಕ ಹಿಡಿಯುವ ಕ್ರಮವೂ ಬದಲಾಗಿದೆ. ಯುಡೈಸ್ ಪ್ಲಸ್ 2022–23ರಿಂದ ಶಾಲೆಯ ಒಟ್ಟು ಸಂಖ್ಯೆಯ ಬದಲು ಪ್ರತಿ ಮಗುವಿನ ಪ್ರತ್ಯೇಕ ವಿವರ ಪಡೆಯುತ್ತಿದೆ. ಎರಡು ಕಡೆ ಹೆಸರಿದ್ದವರು ಇದರಿಂದ ಒಂದೇ ಕಡೆ ಎಣಿಕೆಯಾಗುತ್ತಾರೆ. ಹಾಗಾಗಿ ಆ ವರ್ಷದ ಹಿಂದಿನ ಮತ್ತು ಮುಂದಿನ ಸಂಖ್ಯೆಗಳನ್ನು ಒಂದೇ ಗೆರೆಯಲ್ಲಿ ಜೋಡಿಸಬಾರದು.

ಎಣಿಕೆಯ ದಿನಕ್ಕೂ ಮಹತ್ವವಿದೆ. ಯುಡೈಸ್‌ಗೆ ಬಹಳ ವರ್ಷ ಸೆಪ್ಟೆಂಬರ್ 30 ಆಧಾರ ದಿನವಾಗಿತ್ತು. ಸಂಕೇಶ್ವರದ ಹಿರಣ್ಯಕೇಶಿ ಸೇರಿ ಈ ಭಾಗದ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಆರಂಭಿಸುವುದು ಅದಾದ ಮೇಲೆ. ಆಗ ಕಟಾವಿಗೆ ಬರುವ ಕುಟುಂಬಗಳ ಮಕ್ಕಳು ಸೆಪ್ಟೆಂಬರ್‌ನಲ್ಲಿ ತಮ್ಮೂರಿನ ಶಾಲೆಯ ಲೆಕ್ಕದಲ್ಲಿರುತ್ತಾರೆ, ಹಂಗಾಮಿನಲ್ಲಿ ಇಲ್ಲಿನ ಗದ್ದೆಯ ಬದಿಯ ಗುಡಿಸಲಲ್ಲಿರುತ್ತಾರೆ. ಒಂದು ದಿನದ ದಾಖಲಾತಿ ಇಡೀ ವರ್ಷದ ಹಾಜರಾತಿಯನ್ನು ಹೇಳದು.

ತಪ್ಪು ಕಲ್ಪನೆ: ದಾಖಲೆಯಲ್ಲಿ ಶೌಚಾಲಯ, ಕಂಪ್ಯೂಟರ್, ಗ್ರಂಥಾಲಯ ಇದ್ದರೆ ಮಕ್ಕಳಿಗೆ ಅವು ಸಿಗುತ್ತಿವೆ.

ಸತ್ಯ: ಯುಡೈಸ್ ಮಾಹಿತಿಯನ್ನು ತುಂಬುವುದು ಶಾಲೆಯೇ. ‘ಇದೆ’ ಎಂಬುದಕ್ಕೂ ‘ಬಳಕೆಯಲ್ಲಿದೆ’ ಎಂಬುದಕ್ಕೂ ಅಂತರವಿದೆ. ಶೌಚಾಲಯದ ಸಂಖ್ಯೆ ಮತ್ತು ಬಳಕೆಗೆ ಯೋಗ್ಯವಾದವುಗಳ ಸಂಖ್ಯೆ ಬೇರೆ ಬೇರೆ ಅಂಕಣಗಳಲ್ಲಿರುತ್ತವೆ, ಎರಡನೆಯದನ್ನೇ ಓದಬೇಕು. ಕೊಠಡಿಗಳಲ್ಲೂ ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ ಎಂಬ ವಿಂಗಡಣೆ ಇದೆ. ನೀರಿನ ಟ್ಯಾಂಕ್ ತುಂಬಿರುತ್ತದೆಯೇ, ಗ್ರಂಥಾಲಯದ ಕಪಾಟಿಗೆ ಬೀಗವೇ ಎಂಬುದು ಶಾಲೆಗೆ ಹೋಗಿ ನೋಡಿದರಷ್ಟೇ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ರಾಷ್ಟ್ರೀಯ ಸಮೀಕ್ಷೆಗಳು ಪ್ರತಿ ಶಾಲೆಯ ಗುಣಮಟ್ಟ ಹೇಳುತ್ತವೆ.

ಸತ್ಯ: 2021ರ ನವೆಂಬರ್ 12ರಂದು ನಡೆದ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾಗಲಿ, 2024ರ ಡಿಸೆಂಬರ್ 4ರಂದು 3, 6 ಮತ್ತು 9ನೇ ತರಗತಿಗಳಿಗೆ ನಡೆದ ಪರಖ್ ಸಮೀಕ್ಷೆಯಾಗಲಿ ಆಯ್ದ ಶಾಲೆಗಳಲ್ಲಿ ಮಾತ್ರ ನಡೆದವು. ಅಸರ್ ಸಮೀಕ್ಷೆ ಒಂದು ಜಿಲ್ಲೆಯ ಗ್ರಾಮೀಣ ಭಾಗದಲ್ಲಿ ಸಾಮಾನ್ಯವಾಗಿ 30 ಹಳ್ಳಿ, ಹಳ್ಳಿಗೆ 20 ಮನೆಯಂತೆ 600 ಮನೆಗಳಿಗೆ ಹೋಗುತ್ತದೆ. ಜಿಲ್ಲೆಯ ಅಥವಾ ರಾಜ್ಯದ ಒಟ್ಟು ಚಿತ್ರ ಕೊಡುವುದು ಇವುಗಳ ಕೆಲಸ. ಎರಡು ಶಾಲೆಗಳಲ್ಲಿ ಯಾವುದು ಮೇಲು ಎಂದು ಹೇಳಲು ಇವು ರೂಪುಗೊಂಡಿಲ್ಲ.

ಸರಿಯಾದ ಹೋಲಿಕೆಯ ಕ್ರಮ ಕಷ್ಟದ್ದಲ್ಲ. ಕಿರಿಯ ಪ್ರಾಥಮಿಕವನ್ನು ಕಿರಿಯ ಪ್ರಾಥಮಿಕದ ಜತೆ, ಪ್ರವೇಶ ಪರೀಕ್ಷೆಯಿಲ್ಲದ ಪ್ರೌಢಶಾಲೆಯನ್ನು ಅಂಥದ್ದರ ಜತೆ ಇಡಬೇಕು. ಕನ್ನಡ, ಮರಾಠಿ, ಉರ್ದು ಮಾಧ್ಯಮಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಶೇಕಡಾವಾರಿನ ಪಕ್ಕದಲ್ಲಿ ಮಕ್ಕಳ ಸಂಖ್ಯೆ ಬರೆಯಬೇಕು, ಒಂದರ ಬದಲು ಮೂರು ವರ್ಷದ ಅಂಕಿ ತೆಗೆದುಕೊಳ್ಳಬೇಕು. ಯುಡೈಸ್ ಪ್ಲಸ್ ಜಾಲತಾಣದಲ್ಲಿ ಶಾಲೆಯ ಸಂಕೇತ ಹಾಕಿದರೆ ಮೂಲ ವಿವರ ಸಿಗುತ್ತದೆ. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಉಳಿದರು, ಯಾವ ವಿಷಯದ ಹುದ್ದೆ ಖಾಲಿ ಇದೆ ಎಂಬುದನ್ನು ಪಾಲಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಬೇಕು. ಮಗುವನ್ನು ಸೇರಿಸುವ ಮೊದಲು ಫಲಿತಾಂಶದ ಫಲಕ ಓದುವುದಕ್ಕಿಂತ ಈ ಎರಡು ಪ್ರಶ್ನೆಗಳಿಗೆ ಉತ್ತರ ಪಡೆಯುವುದು ಹೆಚ್ಚು ಉಪಯುಕ್ತ.